ಮಲೆನಾಡಿನ ಮಳೆಗಾಲದಲ್ಲಿ ಸ್ಕೈರಿಮ್: ಸೇವ್ ಕಳೆದುಕೊಳ್ಳದೆ ಮೊದಲ ಡ್ರ್ಯಾಗನ್ ದಾಟುವ ಸಮಗ್ರ ಮಾರ್ಗದರ್ಶಿ

ಮಳೆ ಹಿಡಿದುಕೊಂಡಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಸ್ಕೈರಿಮ್ ಎಂಬ ಕಂಪ್ಯೂಟರ್ ಗೇಮ್ ಬಗ್ಗೆ ನನಗೆ ಬರುವ ಪ್ರಶ್ನೆಗಳು ಎರಡೇ. ಒಂದು, "ಆಡ್ತಾ ಇರುವಾಗ ಕರೆಂಟ್ ಹೋಯ್ತು, ಈಗ ಸೇವ್ ಓಪನ್ ಆಗ್ತಿಲ್ಲ." (ಸೇವ್ ಎಂದರೆ ಆಟ ಎಲ್ಲಿಯವರೆಗೆ ಬಂದಿದೆ ಎಂದು ಉಳಿಸಿಡುವ ಫೈಲ್.) ಇನ್ನೊಂದು, "ಎಲ್ಲಿಗೆ ಹೋದ್ರೂ ಸಾಯ್ತಾ ಇದೀನಿ, ಯಾವ ಕಡೆ ಹೋಗ್ಬೇಕು ಅಂತಾನೇ ಗೊತ್ತಾಗ್ತಿಲ್ಲ." ಎರಡರ ಹಿಂದೆಯೂ ಇರುವುದು ಒಂದೇ ತಪ್ಪು: ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡುವುದು. ಮಾಡ್ (ಆಟವನ್ನು ಬದಲಿಸಲು ಬೇರೆಯವರು ಮಾಡಿದ ಸೇರ್ಪಡೆ) ಹಾಕಿ, ಗ್ರಾಫಿಕ್ಸ್ ಏರಿಸಿ, ಕಂಡ ಗುಹೆಗೆಲ್ಲ ನುಗ್ಗಿ, ಕೊನೆಗೆ ಸೇವ್ ಬಗ್ಗೆ ಯೋಚಿಸುತ್ತಾರೆ. ಈ ಬರಹ ಅದನ್ನು ತಿರುಗಿಸಿ ಹೇಳುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಒಂದನ್ನೂ ಹಾರಿಸಬೇಡಿ.

ಇಲ್ಲಿ ಹೇಳುವುದೆಲ್ಲ ಕಂಪ್ಯೂಟರ್‌ನಲ್ಲಿ ಆಡುವ ಸ್ಪೆಷಲ್ ಎಡಿಷನ್ ಬಗ್ಗೆ, ಅಂದರೆ 2016ರಲ್ಲಿ ಬಂದದ್ದು. 2011ರ ಹಳೆಯ ಆವೃತ್ತಿ ಇದ್ದವರಿಗೆ ಆಟದೊಳಗಿನ ಭಾಗ ಹಾಗೆಯೇ ಹೊಂದುತ್ತದೆ.

## ಏನೇನು ಬೇಕು

ಕನಿಷ್ಠ 8 ಜಿಬಿ ರ‍್ಯಾಮ್, 64 ಬಿಟ್ ವಿಂಡೋಸ್, 12 ಜಿಬಿ ಖಾಲಿ ಜಾಗ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಹಳೆಯದಾದರೂ ನಡೆಯುತ್ತದೆ. ಗೇಮ್ ಕೇಳುವ ಕನಿಷ್ಠ ಮಟ್ಟ ಜಿಟಿಎಕ್ಸ್ 470. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಸೇವ್ ಕಾಪಿ ಇಡಲು ಒಂದು ಪೆನ್‌ಡ್ರೈವ್. ಮೌಸ್ ಇಲ್ಲದೆ ಟಚ್‌ಪ್ಯಾಡ್‌ನಲ್ಲಿ ಆಡಲು ಹೊರಡಬೇಡಿ, ಬಿಲ್ಲು ಗುರಿ ಹಿಡಿಯಲು ಆಗುವುದಿಲ್ಲ.

## ಹಂತ 1: ಗೇಮ್ ಅನ್ನು ಮನೆಗೆ ತರುವುದು

ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಇಷ್ಟು ದೊಡ್ಡ ಗೇಮ್ ಇಳಿಸುತ್ತ ಕೂರಬೇಡಿ. ಶಿವಮೊಗ್ಗದಲ್ಲಿ ಫೈಬರ್ ಇರುವ ನೆಂಟರ ಮನೆಗೋ ಸ್ನೇಹಿತರ ರೂಮಿಗೋ ಲ್ಯಾಪ್‌ಟಾಪ್ ಒಯ್ದು ಒಂದೇ ಸಲ ಮುಗಿಸಿಕೊಂಡು ಬನ್ನಿ. ಡೆಸ್ಕ್‌ಟಾಪ್ ಆದರೆ ಅಲ್ಲಿ ಸ್ಟೀಮ್‌ನಿಂದ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ಇಳಿಸಿದ ಫೋಲ್ಡರನ್ನು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಮನೆಯಲ್ಲಿ ಸ್ಟೀಮ್‌ನ "ಕಾಮನ್" ಫೋಲ್ಡರಿಗೆ ಹಾಕಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಅದು ಪರೀಕ್ಷಿಸಿ, ಕಡಿಮೆ ಬಿದ್ದದ್ದನ್ನು ಮಾತ್ರ ಇಳಿಸುತ್ತದೆ.

ಮನೆಗೆ ಹೊರಡುವ ಮುಂಚೆ, ನೆಟ್ ಇರುವಾಗಲೇ, ಗೇಮ್ ಒಮ್ಮೆ ತೆರೆದು ಮೇನ್ ಮೆನು ಬರುವವರೆಗೆ ಕಾಯಿರಿ. ನಂತರ ಸ್ಟೀಮ್ ಅನ್ನು ಆಫ್‌ಲೈನ್ ಮೋಡ್‌ಗೆ ಹಾಕಿ ಮತ್ತೊಮ್ಮೆ ತೆರೆದು ನೋಡಿ. ಇದನ್ನು ಬಿಟ್ಟವರು ಮನೆಗೆ ಬಂದು ನೆಟ್ ಇಲ್ಲದೆ, ಗೇಮ್ ಇದ್ದೂ ಆಡಲಾಗದೆ ಕೂತಿದ್ದಾರೆ. ನೆಟ್ ತೀರಾ ಕಷ್ಟದ ಊರಿನವರು ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯ ಆವೃತ್ತಿ ಕೊಳ್ಳುವುದು ಒಳ್ಳೆಯದು. 2022ರಿಂದ ಅಲ್ಲಿಯೂ ಸಿಗುತ್ತದೆ, ಅದರ ಆಫ್‌ಲೈನ್ ಇನ್‌ಸ್ಟಾಲರ್ ಒಮ್ಮೆ ಕೈಗೆ ಬಂದರೆ ಮತ್ತೆ ನೆಟ್ ಕೇಳುವುದಿಲ್ಲ.

## ಹಂತ 2: ಕರೆಂಟ್, ಸಿಡಿಲು, ತೇವ

ಕಾಡಿನ ನಡುವೆ ಹಾದು ಬರುವ ಲೈನ್ ಮೇಲೆ ಕೊಂಬೆ ಬಿದ್ದರೆ ಕರೆಂಟ್ ಹೋಗುತ್ತದೆ, ಅದನ್ನು ನಾವು ತಡೆಯಲಾಗದು. ಹೋದಾಗ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಐದು ನಿಮಿಷ ಸಿಗುವಂತೆ ಮಾಡಿಕೊಳ್ಳಬಹುದು.

ಡೆಸ್ಕ್‌ಟಾಪ್‌ಗೆ ಯುಪಿಎಸ್ ಕೊಳ್ಳುವಾಗ ವಿಎ ನೋಡಿ ಮೋಸ ಹೋಗಬೇಡಿ, ವ್ಯಾಟ್ ನೋಡಿ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಸೇರಿ ಅದನ್ನು ಮೀರಿದರೆ ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಡ ಕೈ ಕೊಡುತ್ತದೆ. ಪ್ರಿಂಟರ್, ಸ್ಪೀಕರ್ ಅದಕ್ಕೆ ಸಿಕ್ಕಿಸಬೇಡಿ.

ಮನೆಗೆ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಎನ್ನುವವರು ಇನ್ವರ್ಟರ್ ಹಿಂಬದಿಯ ಸ್ವಿಚ್ ನೋಡಿ. ಹೆಚ್ಚಿನವುಗಳಲ್ಲಿ ಎರಡು ಮೋಡ್ ಇರುತ್ತವೆ. ಫ್ಯಾನ್, ಲೈಟಿಗೆ ಸಾಕಾಗುವ ಮೋಡ್‌ನಲ್ಲಿ ಇನ್ವರ್ಟರ್ ಲೈನಿಗೆ ಬರುವಷ್ಟರಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿರುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಲ್ಯಾಪ್‌ಟಾಪ್‌ಗೆ ಈ ಚಿಂತೆ ಇಲ್ಲ, ಅದರ ಬ್ಯಾಟರಿಯೇ ಯುಪಿಎಸ್. ಆದರೆ ಕರೆಂಟ್ ಹೋದ ಕೂಡಲೇ ಗೇಮ್ ತಡವರಿಸಲು ಶುರುವಾದರೆ ಗಾಬರಿಯಾಗಬೇಡಿ. ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಚಿಪ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಸೇವ್ ಮಾಡಿ ನಿಲ್ಲಿಸಿ.

ಸಿಡಿಲಿನ ವಿಷಯ ಬೇರೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿತೆಂದರೆ ಅಡಾಪ್ಟರ್ ಪ್ಲಗ್ ಕೀಳಿ, ರೂಟರ್‌ನಿಂದ ಬರುವ ನೆಟ್ ಕೇಬಲನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಯುಪಿಎಸ್ ಇದೆ ಎಂಬ ಧೈರ್ಯ ಸಿಡಿಲಿನ ಮುಂದೆ ಬೇಡ.

ಎಚ್ಚರಿಕೆಯ ಲಕ್ಷಣಗಳು: ತೋಟದ ಪಂಪ್‌ಸೆಟ್ ಓಡುವ ಹೊತ್ತಿಗೆ ಯುಪಿಎಸ್ "ಟಕ್ ಟಕ್" ಎಂದು ಪದೇ ಪದೇ ಬಡಿಯುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ, ಬ್ಯಾಟರಿ ಗೊತ್ತಿಲ್ಲದೆ ಖಾಲಿಯಾಗುತ್ತಿರುತ್ತದೆ. ಆಗ ಆಡಬೇಡಿ. ಲ್ಯಾಪ್‌ಟಾಪ್ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಧಾನವಾದರೆ ಅದು ಬಿಸಿ. ಚಳಿ ಎಂದು ಕಂಬಳಿ ಹೊದ್ದು ಅದರ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದರಿಂದ ಅಡಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿ ಹಲಗೆಯ ಮೇಲಿಡಿ. ಜಡಿಮಳೆಯಲ್ಲಿ ಆಡದ ದಿನವೂ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ತೇವ ಆರುತ್ತದೆ.

## ಹಂತ 3: ಸೇವ್ ವ್ಯವಸ್ಥೆ

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಓದಿ.

ಸ್ಕೈರಿಮ್‌ನಲ್ಲಿ ಮೂರು ಬಗೆಯ ಸೇವ್ ಇವೆ. ಬಾಗಿಲು ದಾಟಿದಾಗ, ಮಲಗಿದಾಗ, ಕಾದಾಗ ಗೇಮ್ ತಾನೇ ಮಾಡುವುದು ಆಟೋಸೇವ್. ಎಫ್5 ಒತ್ತಿದರೆ ಕ್ವಿಕ್‌ಸೇವ್. ಮೆನುವಿಗೆ ಹೋಗಿ ಹೊಸ ಸಾಲಿನಲ್ಲಿ ಮಾಡುವುದು ಪೂರ್ಣ ಸೇವ್. ಮೊದಲಿನ ಎರಡರಲ್ಲಿ ಹೊಸದು ಬಂದಂತೆ ಹಳೆಯದು ಅಳಿಯುತ್ತ ಹೋಗುತ್ತದೆ. ಫೈಲ್ ಬರೆಯುತ್ತಿರುವ ಆ ಒಂದೆರಡು ಸೆಕೆಂಡಿನಲ್ಲೇ ಕರೆಂಟ್ ಹೋದರೆ ಅರ್ಧ ಬರೆದ ಫೈಲ್ ಉಳಿಯುತ್ತದೆ, ಅದು ಮತ್ತೆ ತೆರೆಯುವುದಿಲ್ಲ. ಇಡೀ ಆಟವನ್ನು ಎಫ್5 ಒಂದರ ಮೇಲೆ ನಿಲ್ಲಿಸಿದವರು ಆಗ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಆದ್ದರಿಂದ: ಕ್ವೆಸ್ಟ್ (ಆಟದಲ್ಲಿ ಕೊಡುವ ಕೆಲಸ) ಮುಗಿದಾಗ, ಊರು ತಲುಪಿದಾಗ, ಗುಹೆಯ ಬಾಗಿಲಿನ ಹೊರಗೆ ಮೆನುವಿನಿಂದ ಹೊಸ ಸೇವ್ ಮಾಡಿ. ಹಳೆಯದರ ಮೇಲೆಯೇ ಬರೆಯಬೇಡಿ. ಕೊನೆಯ ಆರು ಏಳು ಸೇವ್ ಉಳಿಸಿ ಹಿಂದಿನವನ್ನು ಅಳಿಸಿದರಾಯಿತು. ಹೊಡೆದಾಟದ ನಡುವೆ, ಬೀಳುತ್ತಿರುವಾಗ, ಯಾರೋ ಮಾತಾಡುತ್ತಿರುವಾಗ ಸೇವ್ ಬೇಡ. ಲೋಡ್ ಮಾಡಿದ ಕೂಡಲೇ ಮತ್ತೆ ಸಾಯುವ ಸೇವ್‌ಗಳು ಹುಟ್ಟುವುದು ಹೀಗೆಯೇ.

ಫೈಲ್‌ಗಳು ಇರುವ ಜಾಗ: ಡಾಕ್ಯುಮೆಂಟ್ಸ್, ಅದರೊಳಗೆ ಮೈ ಗೇಮ್ಸ್, ಅದರೊಳಗೆ ಸ್ಕೈರಿಮ್ ಸ್ಪೆಷಲ್ ಎಡಿಷನ್, ಅದರೊಳಗೆ ಸೇವ್ಸ್. ಆಡಿ ಮುಗಿಸಿದ ಮೇಲೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೊಸ ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ ಒಳಗೆ ಸೇರಿಕೊಂಡಿರಬಹುದು. ಅಲ್ಲಿ ಉಚಿತವಾಗಿ ಸಿಗುವುದು 5 ಜಿಬಿ. ತುಂಬಿದ ಮೇಲೆ ಹೊಸ ಸೇವ್ ಮೇಲಕ್ಕೆ ಹೋಗುವುದು ನಿಲ್ಲುತ್ತದೆ.

ಸ್ಟೀಮ್ ಕ್ಲೌಡ್ ನಂಬುವವರಿಗೆ ಒಂದು ಮಾತು. ಗೇಮ್ ಮುಚ್ಚಿದಾಗ ನೆಟ್ ಇದ್ದರೆ ಮಾತ್ರ ಅದು ಸೇವ್ ಮೇಲಕ್ಕೆ ಕಳಿಸುತ್ತದೆ. ನಾಲ್ಕು ದಿನ ಆಫ್‌ಲೈನ್ ಆಡಿ, ಐದನೇ ದಿನ ನೆಟ್ ಬಂದಾಗ "ಕ್ಲೌಡ್‌ನದ್ದು ಬೇಕಾ, ಈ ಕಂಪ್ಯೂಟರ್‌ದ್ದು ಬೇಕಾ" ಎಂದು ಕೇಳುತ್ತದೆ. ಅವಸರದಲ್ಲಿ ಕ್ಲೌಡ್ ಒತ್ತಿದರೆ ನಾಲ್ಕು ದಿನದ ಆಟ ಹೋಯಿತು. ಎರಡರ ತಾರೀಕು ನೋಡಿ, ಹೊಸದನ್ನು ಆರಿಸಿ.

## ಹಂತ 4: ಗ್ರಾಫಿಕ್ಸ್, ಮತ್ತು 60ರ ಮಿತಿ

ಲಾಂಚರ್‌ನಲ್ಲಿ ಮೀಡಿಯಂ ಇಟ್ಟು ಶುರು ಮಾಡಿ. ನಿಧಾನ ಎನಿಸಿದರೆ ಮೊದಲು ನೆರಳು, ಆಮೇಲೆ ಗಾಡ್‌ರೇಸ್ (ಬಿಸಿಲಿನ ಕಿರಣಗಳು) ಇಳಿಸಿ. ಹೆಚ್ಚು ಭಾರ ಇವೆರಡರದ್ದೇ.

ಬಹಳ ಮುಖ್ಯವಾದದ್ದು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದು. ಈ ಗೇಮ್‌ನ ಭೌತಿಕ ಚಲನೆಯ ಲೆಕ್ಕ ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟುಬಿದ್ದಿದೆ. 120 ಅಥವಾ 144 ಹರ್ಟ್ಸ್ ಪರದೆಯ ಹೊಸ ಲ್ಯಾಪ್‌ಟಾಪ್‌ನಲ್ಲಿ ಹಾಗೆಯೇ ಓಡಿಸಿದರೆ ಆರಂಭದ ಕುದುರೆಗಾಡಿಯೇ ಕುಣಿದು ಪಲ್ಟಿ ಹೊಡೆಯುತ್ತದೆ, ಕೋಣೆಯೊಳಗೆ ಕಾಲಿಟ್ಟರೆ ಮೇಜಿನ ತಟ್ಟೆ ಲೋಟಗಳು ಹಾರುತ್ತವೆ. ಗೇಮ್ ಕೆಟ್ಟಿದೆ ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪರದೆಯನ್ನು 60 ಹರ್ಟ್ಸ್‌ಗೆ ಇಳಿಸಿ, ಅಥವಾ ಗ್ರಾಫಿಕ್ಸ್ ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಗರಿಷ್ಠ 60 ಎಂದು ಹಾಕಿ. ಗಾಡಿ ನೆಟ್ಟಗೆ ಹೋಗುತ್ತದೆ.

ಸೆಟ್ಟಿಂಗ್‌ನಲ್ಲಿರುವ ಎರಡೂ ಬಗೆಯ ಸಬ್‌ಟೈಟಲ್ ಆನ್ ಮಾಡಿ. ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮಾತು ಕೇಳಿಸುವುದಿಲ್ಲ.

ಮಾಡ್‌ಗಳು ಈಗ ಬೇಡ. ಮೊದಲ ಡ್ರ್ಯಾಗನ್ ದಾಟುವವರೆಗೆ ಒಂದೂ ಬೇಡ. ಆಮೇಲೆ ಹಾಕುವುದಾದರೂ ಒಂದು ನಿಯಮ: ಆಟದ ನಡುವೆ ಹಾಕಿದ ಮಾಡ್ ಅನ್ನು ಅದೇ ಸೇವ್‌ನಲ್ಲಿ ತೆಗೆಯಬೇಡಿ. ಅದರ ಸ್ಕ್ರಿಪ್ಟ್‌ಗಳ ತುಣುಕು ಸೇವ್‌ನೊಳಗೆ ಉಳಿದುಕೊಂಡು, ವಾರಗಳ ನಂತರ ಕ್ರ್ಯಾಶ್ ಶುರುವಾಗುತ್ತದೆ.

## ಹಂತ 5: ಹೆಲ್ಗನ್‌ನಿಂದ ರಿವರ್‌ವುಡ್‌ವರೆಗೆ

ಕ್ಯಾರೆಕ್ಟರ್ ಮಾಡುವಾಗ ಕುಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ಕುಲದವರೂ ಯಾವ ವಿದ್ಯೆಯನ್ನೂ ಕಲಿಯಬಹುದು. ಎಲ್ಲರಿಗೂ ಬೆಂಕಿಯ ಮಂತ್ರ ಮತ್ತು ಗಾಯ ಮಾಯಿಸುವ ಮಂತ್ರ ಮೊದಲೇ ಇರುತ್ತವೆ. ಕತ್ತಿ ಹಿಡಿಯುವವರೂ ಇವೆರಡನ್ನು ಫೇವರಿಟ್ ಪಟ್ಟಿಗೆ ಹಾಕಿಕೊಳ್ಳಿ. ಕಷ್ಟದ ಮಟ್ಟ ಅಪ್ರೆಂಟಿಸ್ ಅಥವಾ ಅಡೆಪ್ಟ್ ಇರಲಿ. ಲೆಜೆಂಡರಿಯಲ್ಲಿ ಶುರು ಮಾಡುವುದು ಶೌರ್ಯ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಮೊದಲ ಸಲ ಆಡುವವರ ಸಂತೋಷವನ್ನೇ ಅದು ಕಸಿಯುತ್ತದೆ.

ಆಟ ಶುರುವಾಗುವ ಹೆಲ್ಗನ್‌ನಿಂದ ತಪ್ಪಿಸಿಕೊಳ್ಳುವಾಗ ಸೈನಿಕ ಹ್ಯಾಡ್ವಾರ್ ಅಥವಾ ಬಂಡಾಯಗಾರ ರಾಲೋಫ್, ಯಾರ ಹಿಂದೆ ಹೋದರೂ ನಷ್ಟವಿಲ್ಲ. ಕೋಟೆಯೊಳಗೆ ಬಿದ್ದವರ ಮೈಮೇಲಿನ ರಕ್ಷಾಕವಚ ತೊಟ್ಟುಕೊಳ್ಳಿ. ಗುಹೆಯ ಕೊನೆಯ ಕರಡಿಯನ್ನು ಎದುರಿಸುವ ಅಗತ್ಯವಿಲ್ಲ, ಕಂಟ್ರೋಲ್ ಒತ್ತಿ ಬಗ್ಗಿಕೊಂಡು ಬದಿಯಿಂದ ದಾಟಿ. ಹೊರಗೆ ಬರುವ ಮುಂಚೆ ಪೂರ್ಣ ಸೇವ್.

ಇಳಿಜಾರಿನ ದಾರಿಯಲ್ಲಿ ಮೂರು ನಿಂತ ಕಲ್ಲುಗಳು ಸಿಗುತ್ತವೆ: ಯೋಧ, ಮಾಂತ್ರಿಕ, ಕಳ್ಳ. ಒಂದನ್ನು ಮುಟ್ಟಿ. ಆ ಬಗೆಯ ಸ್ಕಿಲ್‌ಗಳು ಶೇ. 20ರಷ್ಟು ಬೇಗ ಬೆಳೆಯುತ್ತವೆ. ಇದನ್ನು ನೋಡದೆ ಓಡಿಹೋಗುವವರೇ ಹೆಚ್ಚು. ದಾರಿಯ ಪಕ್ಕದ ಎಂಬರ್‌ಶಾರ್ಡ್ ಗಣಿಯ ಡಕಾಯಿತರನ್ನು ಒಬ್ಬೊಬ್ಬರಾಗಿ ಎದುರಿಸಿ ಒಂದೆರಡು ಲೆವೆಲ್ ಏರಿಸಿಕೊಂಡು ರಿವರ್‌ವುಡ್‌ಗೆ ಇಳಿಯಿರಿ. ಲೆವೆಲ್ ಏರಿದಾಗ ಮೊದಲ ಐದಾರು ಸಲ ಆರೋಗ್ಯಕ್ಕೇ ಹೆಚ್ಚು ಹಾಕಿ.

ರಿವರ್‌ವುಡ್ ಅಂಗಡಿಯಲ್ಲಿ ಲೂಕನ್ ವಲೇರಿಯಸ್ ಜೊತೆ ಮಾತಾಡಿ, ಕಳುವಾದ ಚಿನ್ನದ ಪಂಜದ ಕೆಲಸ ಒಪ್ಪಿಕೊಳ್ಳಿ. ಪಂಜ ಇರುವುದು ಊರಿನ ಮೇಲಿನ ಬೆಟ್ಟದ ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಸಮಾಧಿಯಲ್ಲಿ. ಎಲ್ಲರೂ ನೇರ ವೈಟ್‌ರನ್ ನಗರಕ್ಕೆ ಹೋಗಿ, ಅಲ್ಲಿಂದ ಇದೇ ಬೆಟ್ಟಕ್ಕೆ ವಾಪಸ್ ಕಳಿಸಿಕೊಳ್ಳುತ್ತಾರೆ. ನೀವು ಮೊದಲೇ ಬೆಟ್ಟಕ್ಕೆ ಹೋಗಿ, ಒಂದು ತಿರುಗಾಟ ಉಳಿಯುತ್ತದೆ.

## ಹಂತ 6: ಬ್ಲೀಕ್ ಫಾಲ್ಸ್ ಬ್ಯಾರೋ

"ಎಲ್ಲಿ ಹೋದರೂ ಸಾಯುತ್ತೇನೆ" ಎನ್ನುವವರಲ್ಲಿ ಬಹುಪಾಲು ಜನ ನಿಂತಿರುವುದು ಈ ಸಮಾಧಿಯೊಳಗೆ.

ಕಂಬಗಳ ಕೋಣೆ: ನಿಮ್ಮ ಮುಂದೆಯೇ ಒಬ್ಬ ಡಕಾಯಿತ ಲಿವರ್ ಎಳೆದು ವಿಷದ ಬಾಣಗಳಿಗೆ ಸಾಯುತ್ತಾನೆ. ಮೂರು ಕಂಬಗಳನ್ನು ಎಡದಿಂದ ಹಾವು, ಹಾವು, ತಿಮಿಂಗಿಲ ಎಂದು ತಿರುಗಿಸಿ, ಆಮೇಲೆ ಲಿವರ್ ಮುಟ್ಟಿ. ಉತ್ತರ ಗೋಡೆಯ ಮೇಲೆಯೇ ಇದೆ, ಆದರೆ ನಡುವಿನ ಚಿತ್ರ ಕಳಚಿ ನೆಲಕ್ಕೆ ಬಿದ್ದಿರುವುದರಿಂದ ಜನ ಎಡವುತ್ತಾರೆ.

ಜೇಡ: ಬಲೆಯ ಕೋಣೆಗೆ ಪೂರ್ತಿ ಒಳಗೆ ಹೋಗಬೇಡಿ. ಕಿರಿದಾದ ದಾರಿಯಲ್ಲೇ ನಿಂತು ಬಾಣ ಬಿಡಿ, ಅಷ್ಟು ದೊಡ್ಡ ಜೇಡ ಅದರೊಳಗೆ ತೂರಲಾರದು. ಬಲೆಯಲ್ಲಿ ಸಿಕ್ಕಿಕೊಂಡ ಆರ್ವೆಲ್‌ನನ್ನು ಬಿಡಿಸಿದರೆ ಅವನು ಪಂಜದ ಸಮೇತ ಓಡುತ್ತಾನೆ. ಬೆನ್ನಟ್ಟಿ ಓಡಬೇಡಿ. ಮುಂದೆ ಎದ್ದು ಬರುವ ಹೆಣಗಳಿಗೋ, ನೆಲದ ಕಲ್ಲು ತುಳಿದರೆ ಬಡಿಯುವ ಮುಳ್ಳಿನ ಗೇಟಿಗೋ ಅವನೇ ಸಿಗುತ್ತಾನೆ, ಪಂಜ ಅವನ ದೇಹದ ಮೇಲೆ ಸಿಗುತ್ತದೆ. ಆ ನೆಲದ ಕಲ್ಲನ್ನು ನೀವೂ ತುಳಿಯಬೇಡಿ.

ಡ್ರೌಗರ್‌ಗಳು: ಗೋಡೆಯ ಗೂಡುಗಳಲ್ಲಿ ಮಲಗಿದ ಹೆಣಗಳಲ್ಲಿ ಕೆಲವು ಏಳುತ್ತವೆ. ನೆಲದಲ್ಲಿ ಎಣ್ಣೆ ಮಿನುಗುತ್ತಿದ್ದರೆ ಅವು ಅದರ ಮೇಲೆ ಬರುವವರೆಗೆ ಕಾದು ಬೆಂಕಿಯ ಮಂತ್ರ ಬಿಡಿ. ನೀವು ಎಣ್ಣೆಯ ಹೊರಗೆ ನಿಂತಿರಬೇಕು, ಅಷ್ಟೇ.

ಉಂಗುರಗಳ ಬಾಗಿಲು: ಇನ್ವೆಂಟರಿಯಲ್ಲಿ ಪಂಜವನ್ನು ತಿರುಗಿಸಿ ಅಂಗೈ ನೋಡಿ. ಹೊರಗಿನಿಂದ ಒಳಕ್ಕೆ ಕರಡಿ, ಪತಂಗ, ಗೂಬೆ. ಬಾಗಿಲು ತೆರೆಯುವ ಮುಂಚೆ ಪೂರ್ಣ ಸೇವ್.

ಒಳಗೆ ಕೆತ್ತನೆಯ ಗೋಡೆಯ ಹತ್ತಿರ ಹೋದರೆ ಒಂದು ಪದ (ಮುಂದೆ ಇದೇ ನಿಮ್ಮ ಕೂಗಾಗುತ್ತದೆ) ಹೊಳೆಯುತ್ತದೆ, ಹಿಂದಿನಿಂದ ಶವಪೆಟ್ಟಿಗೆಯ ಮುಚ್ಚಳ ಸಿಡಿಯುತ್ತದೆ. ಅದರೊಳಗಿನ ಡ್ರೌಗರ್ ಎದ್ದು ಇಳಿಯುವಷ್ಟರಲ್ಲಿ ಎರಡು ಮೂರು ಬಾಣ ಹೊಡೆದು ಹಿಂದೆ ಸರಿಯಿರಿ, ಎದುರೆದುರು ನಿಂತು ಹೊಡೆತ ಬದಲಿಸಿಕೊಂಡರೆ ಈ ಲೆವೆಲ್‌ನಲ್ಲಿ ಸೋಲುತ್ತೀರಿ. ಸತ್ತ ಮೇಲೆ ಅವನ ಬಳಿ ಇರುವ ಡ್ರ್ಯಾಗನ್‌ಸ್ಟೋನ್ ತೆಗೆದುಕೊಳ್ಳುವುದು ಮರೆಯಬೇಡಿ. ಹಿಂದಿನ ಮೆಟ್ಟಿಲಿನಿಂದ ಹೊರದಾರಿ ಇದೆ, ಬಂದ ದಾರಿಯಲ್ಲೇ ವಾಪಸ್ ನಡೆಯಬೇಕಿಲ್ಲ.

## ಹಂತ 7: ವೈಟ್‌ರನ್ ಮತ್ತು ಮೊದಲ ಡ್ರ್ಯಾಗನ್

ಲೂಕನ್‌ಗೆ ಪಂಜ ಕೊಟ್ಟು ದುಡ್ಡು ತೆಗೆದುಕೊಂಡು, ರಸ್ತೆ ಹಿಡಿದು ವೈಟ್‌ರನ್‌ಗೆ ಹೋಗಿ. ಬಯಲಿನಲ್ಲಿ ದೈತ್ಯರು ಮ್ಯಾಮತ್ ಮೇಯಿಸುತ್ತಿರುತ್ತಾರೆ. ಹತ್ತಿರ ಹೋಗದಿದ್ದರೆ ಅವರು ಏನೂ ಮಾಡುವುದಿಲ್ಲ. ಹೋದರೆ ಒಂದೇ ಏಟಿಗೆ ಆಕಾಶಕ್ಕೆ.

ಅರಮನೆಯಲ್ಲಿ ಅಂಗರಕ್ಷಕಿ ಐರಿಲೆತ್ ಕತ್ತಿ ಹಿರಿದು ಎದುರು ಬರುತ್ತಾಳೆ. ಅದು ಪ್ರಶ್ನೆ ಕೇಳಲು ಮಾತ್ರ, ನೀವು ಆಯುಧ ಎತ್ತಬೇಡಿ. ಯಾರ್ಲ್ (ಊರಿನ ಒಡೆಯ) ಬಾಲ್ಗ್ರೂಫ್ ಜೊತೆ ಮಾತಾಡಿ, ಅವನ ಮಾಂತ್ರಿಕ ಫಾರೆಂಗರ್‌ಗೆ ಡ್ರ್ಯಾಗನ್‌ಸ್ಟೋನ್ ಕೊಡಿ. ಪಶ್ಚಿಮದ ಕಾವಲು ಗೋಪುರಕ್ಕೆ ಡ್ರ್ಯಾಗನ್ ಬಂದ ಸುದ್ದಿ ಬರುತ್ತದೆ. ಹೊರಡುವ ಮುಂಚೆ ರಸವಿದ್ಯೆಯ ಮೇಜಿನಲ್ಲಿ ಗೋಧಿ ಮತ್ತು ನೀಲಿ ಬೆಟ್ಟದ ಹೂವು ಸೇರಿಸಿ ಆರೋಗ್ಯದ ಮದ್ದು ಮಾಡಿಕೊಳ್ಳಿ, ಎರಡೂ ಊರಿನ ಸುತ್ತಲೇ ಸಿಗುತ್ತವೆ. ಬಾಣಗಳೂ ಸಾಕಷ್ಟಿರಲಿ.

ಮಿರ್ಮುಲ್ನಿರ್ ಎಂಬ ಆ ಡ್ರ್ಯಾಗನ್ ಹಾರುತ್ತಿರುವಾಗ ಗೋಪುರದ ಒಳಗೋ ಕಲ್ಲಿನ ಮರೆಗೋ ಇರಿ. ನೆಲಕ್ಕಿಳಿದಾಗ ಬಾಯಿಯ ಎದುರು ನಿಲ್ಲಬೇಡಿ, ಬದಿಯಿಂದ ಹೊಡೆಯಿರಿ. ಸೈನಿಕರು ಅದರ ಗಮನ ಸೆಳೆಯುತ್ತಾರೆ, ಆ ಸಮಯ ಬಳಸಿಕೊಳ್ಳಿ. ಅದು ಸತ್ತು ಆತ್ಮ ನಿಮ್ಮೊಳಗೆ ಬಂದ ಮೇಲೆ ಝಡ್ ಕೀ ಒತ್ತಿದರೆ ನಿಮ್ಮ ಮೊದಲ ಕೂಗು ಹೊರಡುತ್ತದೆ. ಯಾರ್ಲ್ ಬಳಿ ವಾಪಸ್ ಬಂದರೆ ಲಿಡಿಯಾ ಜೊತೆಗಾರ್ತಿಯಾಗಿ ಸಿಗುತ್ತಾಳೆ. ಅಲೆದಾಟಕ್ಕೆ ಮುಂಚೆ ಇಲ್ಲಿಯವರೆಗೆ ಬನ್ನಿ ಎಂದು ನಾನು ಒತ್ತಾಯಿಸುವುದು ಇದಕ್ಕೇ: ಕೂಗೂ ಜೊತೆಗಾರ್ತಿಯೂ ಇಲ್ಲದೆ ಸ್ಕೈರಿಮ್ ಸುತ್ತುವುದು ಸುಮ್ಮನೆ ಕಷ್ಟಪಡುವುದು. ಒಂದು ಬೆಲೆಯಿದೆ. ಇದಾದ ಮೇಲೆ ದಾರಿಯಲ್ಲಿ ಎಲ್ಲೆಂದರಲ್ಲಿ ಡ್ರ್ಯಾಗನ್‌ಗಳು ಎರಗತೊಡಗುತ್ತವೆ.

## ಹಂತ 8: ಮೊದಲ ವಾರದ ತಪ್ಪುಗಳು

ಕಂಡ ತಟ್ಟೆ, ಪೊರಕೆ, ಬಟ್ಟಲು ಹೊರಬೇಡಿ. ಹೊರುವ ಮಿತಿ 300ರಿಂದ ಶುರುವಾಗುತ್ತದೆ, ಮೀರಿದರೆ ಓಡಲಾಗದು. ತೂಕ ಕಡಿಮೆ, ಬೆಲೆ ಹೆಚ್ಚು ಇರುವುದನ್ನು ಮಾತ್ರ ಎತ್ತಿ, ಉಳಿದದ್ದು ಲಿಡಿಯಾಗೆ. ಸಾಮಾನನ್ನು ಬೀದಿಯ ಪೀಪಾಯಿಯಲ್ಲಿ ಇಡಬೇಡಿ, ಕೆಲವು ದಿನಗಳಲ್ಲಿ ಅದು ಖಾಲಿಯಾಗುತ್ತದೆ. 5000 ಚಿನ್ನ ಕೂಡಿಸಿ ವೈಟ್‌ರನ್‌ನ ಬ್ರೀಜ್‌ಹೋಮ್ ಕೊಂಡರೆ ಅಲ್ಲಿನ ಪೆಟ್ಟಿಗೆಗಳು ಸುರಕ್ಷಿತ.

ಕಮ್ಮಾರಿಕೆ, ಮಾತುಗಾರಿಕೆ, ಜೇಬುಗಳ್ಳತನ ಮಾತ್ರ ಬೆಳೆಸಿ ಲೆವೆಲ್ ಏರಿಸಿದರೆ ಶತ್ರುಗಳೂ ನಿಮ್ಮ ಲೆವೆಲ್ ನೋಡಿ ಬಲಿಯುತ್ತಾರೆ, ನಿಮ್ಮ ಕತ್ತಿ ಮಾತ್ರ ಅಲ್ಲೇ ಉಳಿಯುತ್ತದೆ. ಇದ್ದಕ್ಕಿದ್ದಂತೆ ಸಾಮಾನ್ಯ ಡಕಾಯಿತನೂ ಗಟ್ಟಿ ಎನಿಸಿದರೆ ಇದೇ ಲಕ್ಷಣ. ಪರ್ಕ್‌ಗಳನ್ನು (ಲೆವೆಲ್ ಏರಿದಾಗ ಸಿಗುವ ವಿಶೇಷ ಸಾಮರ್ಥ್ಯ) ಒಂದು ಆಯುಧ, ಒಂದು ಬಗೆಯ ಕವಚಕ್ಕೆ ಹಾಕಿ.

ರಕ್ತಪಿಶಾಚಿಗಳ ಜೊತೆ ಹೋರಾಡಿದ ಮೇಲೆ ಮಂತ್ರಗಳ ಪಟ್ಟಿಯಲ್ಲಿ ಸಕ್ರಿಯ ಪರಿಣಾಮಗಳನ್ನು ನೋಡಿ. ಸಾಂಗ್ವಿನಾರೆ ವ್ಯಾಂಪಿರಿಸ್ ಎಂದಿದ್ದರೆ ಆಟದ ಮೂರು ದಿನದೊಳಗೆ ಯಾವುದಾದರೂ ಗುಡಿಯ ಪೀಠ ಮುಟ್ಟಿ ಅಥವಾ ರೋಗ ನಿವಾರಕ ಮದ್ದು ಕುಡಿಯಿರಿ. ತಡವಾದರೆ ನೀವೇ ಪಿಶಾಚಿ.

## ಹಂತ 9: 7000 ಮೆಟ್ಟಿಲು

ಬೆಟ್ಟದ ಮೇಲಿನ ಮಠ ಹೈ ಹ್ರೋತ್‌ಗಾರ್‌ಗೆ ಕರೆ ಬಂದಾಗ ನಕ್ಷೆಯಲ್ಲಿ ಗುರುತು ವೈಟ್‌ರನ್ ಪಕ್ಕದ ಬೆಟ್ಟದ ಮೇಲೆಯೇ ಕಾಣುತ್ತದೆ, ಜನ ಬಂಡೆ ಹತ್ತಲು ಶುರು ಮಾಡುತ್ತಾರೆ. ಆಗುಂಬೆ ಘಾಟಿಯ ತಿರುವುಗಳನ್ನು ಬಿಟ್ಟು ಸೋಮೇಶ್ವರದಿಂದ ನೇರ ಕಾಡು ಹತ್ತಿದ ಹಾಗೆ ಅದು, ಗಂಟೆಗಟ್ಟಲೆ ಜಾರುವುದಷ್ಟೇ ಆಗುತ್ತದೆ. ಮೆಟ್ಟಿಲಿನ ದಾರಿ ಇರುವುದು ಬೆಟ್ಟದ ಆಚೆ ಬದಿಗೆ. ವೈಟ್‌ರನ್‌ನಿಂದ ನದಿಯ ಜೊತೆ ಪೂರ್ವಕ್ಕೆ ಹೋಗಿ, ವಾಲ್ಥೀಮ್ ಗೋಪುರ ದಾಟಿ, ದಕ್ಷಿಣಕ್ಕೆ ತಿರುಗಿ ಐವರ್‌ಸ್ಟೆಡ್ ಸೇರಿ. ಗೋಪುರದ ಡಕಾಯಿತರು 200 ಚಿನ್ನ ಸುಂಕ ಕೇಳುತ್ತಾರೆ. ಲಿಡಿಯಾ ಜೊತೆಗಿದ್ದರೆ ಹೋರಾಡಿ, ಇಲ್ಲದಿದ್ದರೆ ನದಿ ದಾಟಿ ಆಚೆ ದಡದಿಂದ ಸುತ್ತು ಹಾಕಿ.

ಐವರ್‌ಸ್ಟೆಡ್‌ನ ಸೇತುವೆ ಬಳಿ ಕ್ಲಿಮ್ಮೆಕ್ ಎಂಬವನು ಮೇಲಿನ ಮಠದವರಿಗೆ ಸಾಮಾನು ಒಯ್ಯಲು ಕೇಳುತ್ತಾನೆ, ಒಪ್ಪಿಕೊಳ್ಳಿ. ಹೇಗೂ ಹತ್ತುತ್ತೀರಿ. ಸೇವ್ ಮಾಡಿ ಹೊರಡಿ. ದಾರಿಯ ಶಿಲಾಫಲಕಗಳನ್ನು ಒಂದೂ ಬಿಡದೆ ಓದಿದರೆ ಆಟದ ಒಂದು ದಿನ ಕಾಡುಪ್ರಾಣಿಗಳು ನಿಮ್ಮ ತಂಟೆಗೆ ಬರುವುದಿಲ್ಲ.

ಹಿಮ ದಟ್ಟವಾದ ಕಡೆ ಬಂಡೆಯ ಮೇಲಿಂದ ಹಿಮದ ಟ್ರೋಲ್ ಹಾರುತ್ತದೆ. ಅದರ ಗಾಯ ತಾನೇ ಮಾಯುತ್ತ ಹೋಗುವುದರಿಂದ ಹೊಡೆದು ಓಡಿ, ಮತ್ತೆ ಬಂದು ಹೊಡೆಯುವ ಉಪಾಯ ನಡೆಯದು. ಒಂದೇ ಸಮನೆ ಹೊಡೆಯಬೇಕು. ಬೆಂಕಿಗೆ ಅದು ದುರ್ಬಲ: ಲಿಡಿಯಾ ಮುಂದೆ ನಿಲ್ಲಲಿ, ನೀವು ಬದಿಯಿಂದ ಬೆಂಕಿಯ ಮಂತ್ರ ಬಿಡುತ್ತಲೇ ಇರಿ, ಮಾಂತ್ರಿಕ ಶಕ್ತಿ ಮುಗಿದರೆ ನೀಲಿ ಮದ್ದು ಕುಡಿದು ಮುಂದುವರಿಸಿ. ಲಿಡಿಯಾ ಮಂಡಿಯೂರಿ ಕೂತರೆ ಬೆಂಕಿ ನಿಲ್ಲಿಸಿ. ಆ ಸ್ಥಿತಿಯಲ್ಲಿ ನಿಮ್ಮ ಬೆಂಕಿ ತಗುಲಿದರೆ ಅವಳು ಸಾಯಬಹುದು. ಕೂಗಿ ಟ್ರೋಲ್ ಅನ್ನು ತಡವರಿಸುವಂತೆ ಮಾಡಿ, ಅವಳು ಎದ್ದ ಮೇಲೆ ಮತ್ತೆ ಶುರು ಮಾಡಿ.